ಕಾಯಿಲೆಯಿಲ್ಲದವರ ತಪಾಸಣೆ: ಹರೆಯದವರಿಗೆ ಯಾವುದು ಬೇಕು, ಯಾವುದು ಬೇಡ

ಕಳೆದ ಮಳೆಗಾಲದ ಒಂದು ಸಂಜೆ ಮಂಗಳೂರಿನ ಕಂಕನಾಡಿಯ ನಮ್ಮ ಮನೆಗೆ ಬಂದ ಅಳಿಯ, ಎಂದರೆ ನನ್ನ ತಂಗಿಯ ಮಗ, ಮೊಬೈಲಿನಲ್ಲಿದ್ದ ಇಪ್ಪತ್ತೆರಡು ಪುಟಗಳ ವರದಿಯೊಂದನ್ನು ನನ್ನ ಮುಂದೆ ಹಿಡಿದು, "ಮಾವ, ಮೂರು ಕಡೆ ಕೆಂಪು ಬಂದಿದೆ, ಏನಾದರೂ ತೊಂದರೆ ಉಂಟಾ?" ಎಂದು ಕೇಳಿದ. ಅವನಿಗೆ ಇಪ್ಪತ್ತೇಳು ವರ್ಷ. ರಿಯಾಯಿತಿ ದರದಲ್ಲಿ ಸಿಕ್ಕಿತೆಂದು 'ಫುಲ್ ಬಾಡಿ ಚೆಕಪ್' ಮಾಡಿಸಿಕೊಂಡಿದ್ದ. ಅದರಲ್ಲಿ ಒಟ್ಟು 84 ಪರೀಕ್ಷೆಗಳಿದ್ದವು. ವಿಟಮಿನ್ ಡಿ ಕಡಿಮೆ, ಯೂರಿಕ್ ಆಮ್ಲ ತುಸು ಹೆಚ್ಚು, ಬಿಲಿರುಬಿನ್ ತುಸು ಹೆಚ್ಚು ಎಂದು ಬಂದಿತ್ತು. ಬಿಲಿರುಬಿನ್ ಎಂದರೆ ಕಾಮಾಲೆಯಲ್ಲಿ ಏರುವಂಥದ್ದು ಎಂದು ಎಲ್ಲೋ ಓದಿ, ಎರಡು ರಾತ್ರಿ ನಿದ್ದೆಗೆಟ್ಟಿದ್ದ.

ನಾನು ವರದಿಯನ್ನು ಬದಿಗಿಟ್ಟು, ನಿನ್ನ ಬಿಪಿ ಎಷ್ಟು ಎಂದು ಕೇಳಿದೆ. ಅದನ್ನು ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಮನೆಗೆ ಬಂದ ಹುಡುಗ ರಕ್ತ ತೆಗೆದುಕೊಂಡು ಹೋಗಿದ್ದನಷ್ಟೆ. ಎಂಬತ್ತನಾಲ್ಕು ಪರೀಕ್ಷೆ ನಡೆದರೂ ಅವನ ವಯಸ್ಸಿನವರಿಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಪರೀಕ್ಷೆಯೇ ನಡೆದಿರಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಜ್ವರ, ಕೆಮ್ಮು, ಹೊಟ್ಟೆನೋವು ಎಂದು ವೈದ್ಯರ ಬಳಿ ಹೋದಾಗ ಮಾಡುವ ಪರೀಕ್ಷೆ ರೋಗನಿರ್ಣಯಕ್ಕಾಗಿ ಮಾಡುವಂಥದ್ದು. ಅಲ್ಲಿ ತೊಂದರೆ ಇದೆ ಎಂಬುದು ಮೊದಲೇ ಗೊತ್ತು, ಕಾರಣವನ್ನಷ್ಟೇ ಹುಡುಕುವುದು. ಆದರೆ ಯಾವ ತೊಂದರೆಯೂ ಇಲ್ಲದ ವ್ಯಕ್ತಿಯಲ್ಲಿ ಅಡಗಿರಬಹುದಾದ ರೋಗವನ್ನು ಹುಡುಕುವುದು ಬೇರೆ ಬಗೆಯ ಕೆಲಸ. ಅದನ್ನು ಸ್ಕ್ರೀನಿಂಗ್ ಅಥವಾ ತಪಾಸಣೆ ಎನ್ನುತ್ತೇವೆ. ಯಾವ ರೋಗವನ್ನು ಹೀಗೆ ಹುಡುಕುವುದು ಸರಿ ಎಂಬ ಪ್ರಶ್ನೆಗೆ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ಸಿದ್ಧಪಡಿಸಿದ ಮಾನದಂಡಗಳು ಇಂದಿಗೂ ಬಳಕೆಯಲ್ಲಿವೆ. ರೋಗವು ಗಂಭೀರವಾಗಿರಬೇಕು, ಲಕ್ಷಣ ಕಾಣಿಸುವ ಮೊದಲು ಸಾಕಷ್ಟು ದೀರ್ಘವಾದ ಗುಪ್ತ ಹಂತ ಅದಕ್ಕಿರಬೇಕು, ಆ ಹಂತದಲ್ಲಿ ಅದನ್ನು ಹಿಡಿಯಬಲ್ಲ, ಜನರು ಒಪ್ಪಬಲ್ಲ ಸರಳ ಪರೀಕ್ಷೆ ಇರಬೇಕು, ಹಿಡಿದ ಮೇಲೆ ಗುಣಪಡಿಸುವ ಅಥವಾ ತಡೆಯುವ ದಾರಿಯೂ ಇರಬೇಕು ಎಂಬುದು ಅವುಗಳ ತಿರುಳು. ಈ ಜರಡಿಯಲ್ಲಿ ಸೋಸಿದರೆ ಇಪ್ಪತ್ತರಿಂದ ನಲವತ್ತರೊಳಗಿನ ಆರೋಗ್ಯವಂತರಿಗೆ ಉಳಿಯುವ ಪರೀಕ್ಷೆಗಳು ಬೆರಳೆಣಿಕೆಯಷ್ಟು ಮಾತ್ರ.

ಉಳಿದವನ್ನೂ ಮಾಡಿಸಿಟ್ಟರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟವಿದೆ, ಮತ್ತು ಅದು ಲೆಕ್ಕಕ್ಕೆ ಸಿಗುವಂಥದ್ದು. ರಕ್ತಪರೀಕ್ಷೆಯ ವರದಿಯಲ್ಲಿ 'ಸಾಮಾನ್ಯ ಮಿತಿ' ಎಂದು ಮುದ್ರಿಸುವ ಅಂಕಿಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಹೀಗೆ: ಆರೋಗ್ಯವಂತರ ಒಂದು ಗುಂಪಿನ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ಶೇ 95 ಮಂದಿಯ ಅಂಕಿಗಳನ್ನು ಸಾಮಾನ್ಯವೆಂದು ಕರೆದು, ಎರಡೂ ತುದಿಗಳ ಶೇ 5 ಮಂದಿಯನ್ನು ಹೊರಗಿಡುತ್ತಾರೆ. ಆ ಶೇ 5 ಮಂದಿಯೂ ಆರೋಗ್ಯವಂತರೇ ಎಂಬುದನ್ನು ಗಮನಿಸಬೇಕು. ಹಾಗಾಗಿ ಏನೂ ಕಾಯಿಲೆಯಿಲ್ಲದವನೊಬ್ಬ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿಕೊಂಡರೆ, ಕನಿಷ್ಠ ಒಂದಾದರೂ ಕೆಂಪಾಗಿ ಬರುವ ಸಾಧ್ಯತೆ ಶೇ 64ರಷ್ಟು. ಎಂಬತ್ತನಾಲ್ಕು ಪರೀಕ್ಷೆಗಳಲ್ಲಿ ನಾಲ್ಕು ಕೆಂಪು ಬರುವುದು ಸಹಜ. ನನ್ನ ಅಳಿಯನಿಗೆ ಬಂದದ್ದು ಮೂರು. ಅವನನ್ನು ಕಾಡಿದ ಬಿಲಿರುಬಿನ್ ಕೂಡ ಅಂಥದ್ದೇ ಆಗಿತ್ತು. ಯಕೃತ್ತಿನ ಉಳಿದ ಅಂಕಿಗಳೆಲ್ಲ ಸರಿಯಿದ್ದು ಬಿಲಿರುಬಿನ್ ಮಾತ್ರ ತುಸು ಏರುವ, ಹೊಟ್ಟೆ ಖಾಲಿಯಿದ್ದಾಗ ಇನ್ನಷ್ಟು ಏರುವ, ಚಿಕಿತ್ಸೆಯೇ ಬೇಡದ ಗಿಲ್ಬರ್ಟ್ ಎಂಬ ಹುಟ್ಟುಗುಣ ಅನೇಕರಲ್ಲಿರುತ್ತದೆ. ಅವನು ಹಿಂದಿನ ರಾತ್ರಿ ಬೇಗ ಉಂಡು, ಸುಮಾರು ಹದಿನಾಲ್ಕು ಗಂಟೆ ಉಪವಾಸವಿದ್ದು ರಕ್ತ ಕೊಟ್ಟಿದ್ದ. ಮುಂದೆ ವೈದ್ಯರು ನೋಡಿ ಹೇಳಿದ್ದೂ ಇದನ್ನೇ.

ದೊಡ್ಡ ಮಟ್ಟದಲ್ಲಿ ಇದು ಏನು ಮಾಡಬಲ್ಲದೆಂಬುದಕ್ಕೆ ದಕ್ಷಿಣ ಕೊರಿಯಾ ನಿದರ್ಶನ. ಅಲ್ಲಿ ಆರೋಗ್ಯವಂತರ ಕುತ್ತಿಗೆಯ ಅಲ್ಟ್ರಾಸೌಂಡ್ ವ್ಯಾಪಕವಾದ ಬಳಿಕ, 1993ರಿಂದ 2011ರ ನಡುವೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ ಹದಿನೈದು ಪಟ್ಟು ಏರಿತು. ಆದರೆ ಅದರಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಅಂದರೆ ಜೀವಮಾನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಮಂದಿ ಗ್ರಂಥಿಯನ್ನೇ ಕಳೆದುಕೊಂಡು ಬದುಕಿಡೀ ಮಾತ್ರೆ ನುಂಗುವಂತಾಯಿತು. ಪ್ಯಾಕೇಜುಗಳಲ್ಲಿ ಸೇರಿಸುವ ಸಿಎ 125, ಸಿಇಎ ಮೊದಲಾದ 'ಕ್ಯಾನ್ಸರ್ ಮಾರ್ಕರ್'ಗಳು ಲಕ್ಷಣವಿಲ್ಲದ ಹರೆಯದವರಿಗೆ ಖಂಡಿತ ಬೇಡ.

ಈಗ ಬೇಕಾದವುಗಳಿಗೆ ಬರೋಣ. ಮೊದಲನೆಯದು ರಕ್ತದೊತ್ತಡ. ಹದಿನೆಂಟು ತುಂಬಿದ ಪ್ರತಿಯೊಬ್ಬರೂ ಅದನ್ನು ಒಮ್ಮೆ ನೋಡಿಸಿಕೊಳ್ಳಬೇಕು. 120/80ಕ್ಕಿಂತ ಕೆಳಗಿದ್ದು, ತೂಕವೂ ಸರಿಯಿದ್ದರೆ, ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಿದರೂ ಸಾಕು. ಅದಕ್ಕಿಂತ ಮೇಲಿದ್ದರೆ ಅಥವಾ ಮನೆಯಲ್ಲಿ ಬಿಪಿ ಇರುವವರಿದ್ದರೆ ವರ್ಷಕ್ಕೊಮ್ಮೆ ನೋಡಬೇಕು. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಮನೆಯಲ್ಲಿಯೇ ಅಳೆಯುವುದಾದರೆ ಈ ಗೆರೆ 135/85ಕ್ಕೆ ಇಳಿಯುತ್ತದೆ.

ಅಳೆಯುವ ರೀತಿಯ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ತಪ್ಪು ಅಂಕಿಯಿಂದ ತಪ್ಪು ನಿರ್ಧಾರಗಳು ಹುಟ್ಟುತ್ತವೆ. ಬಸ್ಸಿಳಿದು ಏದುಸಿರು ಬಿಡುತ್ತಾ ಬಂದವರ ತೋಳಿಗೆ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ ನೋಡಿದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಅರ್ಧ ಗಂಟೆಯಿಂದ ಕಾಫಿ, ಚಹಾ, ಸಿಗರೇಟು ಮುಟ್ಟಿರಬಾರದು, ಮೂತ್ರ ಕಟ್ಟಿಕೊಂಡಿರಬಾರದು, ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಅಳೆಯುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೇ ಬಾರಿ ಅಳೆಯಬೇಕು. ಜಿಮ್ಮಿಗೆ ಹೋಗಿ ತೋಳು ದಪ್ಪವಾಗಿರುವವರಿಗೆ ದೊಡ್ಡ ಪಟ್ಟಿಯೇ ಬೇಕು. ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ಎರಡನೆಯದಕ್ಕೆ ಸೂಜಿಯೂ ಬೇಡ, ಯಂತ್ರವೂ ಬೇಡ; ಅದು ಕುಟುಂಬದ ಆರೋಗ್ಯದ ಚರಿತ್ರೆ. ನನ್ನ ಮಟ್ಟಿಗೆ ಇದು ಅತ್ಯಂತ ಬೆಲೆಯುಳ್ಳ, ಅತ್ಯಂತ ಹೆಚ್ಚು ಕಡೆಗಣಿಸಲ್ಪಟ್ಟ ತಪಾಸಣೆ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಅದನ್ನು ಅಕಾಲಿಕವೆಂದು ಪರಿಗಣಿಸಬೇಕು, ಅಂಥ ಮನೆಯ ಮಕ್ಕಳು ಇಪ್ಪತ್ತರಲ್ಲೇ ಕೊಲೆಸ್ಟೆರಾಲ್ ನೋಡಿಸಿಕೊಳ್ಳಬೇಕು. ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟೆರಾಲಿನ ಅಂಕಿ 190 ದಾಟಿದರೆ ಅದು ಊಟದಿಂದಲ್ಲ, ಹುಟ್ಟಿನಿಂದ ಬಂದಿರುವ ಸಾಧ್ಯತೆಯಿದೆ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಈ ವಂಶವಾಹಿ ದೋಷವಿರುತ್ತದೆ, ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಇಲ್ಲಿ ನಮ್ಮ ಕರಾವಳಿಗೆ ವಿಶೇಷವಾದ ಒಂದು ಮಾತಿದೆ. ಅಳಿಯಕಟ್ಟಿನ ಮನೆತನಗಳಲ್ಲಿ 'ಕುಟುಂಬ' ಎಂದರೆ ತಾಯಿಯ ಕಡೆಯವರು. 'ಬರಿ', ಎಂದರೆ ಗೋತ್ರದಂಥ ವಂಶದ ಗುರುತು, ಸಾಗುವುದು ತಾಯಿಯಿಂದ. ನಾಗನಿಗೆ ತಂಬಿಲ ಕೊಡಲು ಸೇರುವುದು ತಾಯಿಯ ಕಡೆಯ ಕುಟುಂಬದ ಮನೆಯಲ್ಲಿ. ಹಾಗಾಗಿ 'ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಇದೆಯೇ' ಎಂದು ವೈದ್ಯರು ಕೇಳಿದಾಗ ಅನೇಕರು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವಂದಿರನ್ನು ಮಾತ್ರ ಲೆಕ್ಕ ಹಾಕಿ 'ಇಲ್ಲ' ಎನ್ನುತ್ತಾರೆ. ದೇಹದ ವಂಶವಾಹಿಗಳಿಗೆ ಈ ಕಟ್ಟು ಗೊತ್ತಿಲ್ಲ. ಅವು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತವೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷವು ತಂದೆಯ ಮೂಲಕವೂ ಮಗಳಿಗೆ ಬರಬಲ್ಲದು. ತಂದೆಯ ಅಕ್ಕನಿಗೋ ತಂಗಿಗೋ ನಲವತ್ತರೊಳಗೆ ಸ್ತನ ಕ್ಯಾನ್ಸರ್ ಆಗಿತ್ತು ಎಂಬ ಸಂಗತಿ, ಮೂವತ್ತರ ಹುಡುಗಿಯ ತಪಾಸಣೆಯನ್ನೇ ಬದಲಿಸಬೇಕಾದ ಸಂಗತಿ. ಹಬ್ಬಕ್ಕೋ ಮದುವೆಗೋ ಎರಡೂ ಕಡೆಯ ಹಿರಿಯರು ಸೇರಿದಾಗ, ಯಾರಿಗೆ ಯಾವ ಕಾಯಿಲೆ, ಎಷ್ಟನೆಯ ವಯಸ್ಸಿನಲ್ಲಿ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಮೂರನೆಯದು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನವು 2023ರಲ್ಲಿ ಪ್ರಕಟಿಸಿದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವೂ, 13.6 ಕೋಟಿ ಮಂದಿಗೆ ಅದರ ಹಿಂದಿನ ಹಂತವೂ ಇದೆ. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುವುದರಿಂದ ತೂಕದ ಸೂಚ್ಯಂಕ, ಅಂದರೆ ಬಿಎಂಐ, 23 ದಾಟಿದರೆ ಅತಿತೂಕ ಎಂದು ಗಣಿಸಲಾಗುತ್ತದೆ. ಪಾಶ್ಚಾತ್ಯರಿಗೆ ಹಾಕಿದ 25ರ ಗೆರೆ ನಮಗೆ ಹೊಂದುವುದಿಲ್ಲ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಪ್ಯಾಂಟಿನ ಅಳತೆಯನ್ನು ಇದಕ್ಕೆ ಹೇಳಬೇಡಿ. ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯದಲ್ಲಿ, ಉಸಿರು ಸಹಜವಾಗಿ ಬಿಟ್ಟ ಕ್ಷಣದಲ್ಲಿ ದರ್ಜಿಯ ಟೇಪು ಸುತ್ತಿ ನೋಡಬೇಕು.

ಈ ಗೆರೆ ದಾಟಿದವರು, ತಂದೆ ತಾಯಿಗೆ ಮಧುಮೇಹ ಇರುವವರು, ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇರುವವರು, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು ಮೂವತ್ತಾಗುವವರೆಗೆ ಕಾಯದೆ ಪರೀಕ್ಷಿಸಿಕೊಳ್ಳಬೇಕು. ಉಳಿದವರು ಮೂವತ್ತರಿಂದ ಆರಂಭಿಸಿದರೆ ಸಾಕು. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕೆಳಗಿದ್ದರೆ ಸರಿ, 126 ಅಥವಾ ಮೇಲಿದ್ದರೆ ಇನ್ನೊಮ್ಮೆ ನೋಡಿ ಮಧುಮೇಹವೆಂದು ಖಚಿತಪಡಿಸುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಅಥವಾ ಮೇಲಿದ್ದರೂ ಹಾಗೆಯೇ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

ರಕ್ತಹೀನತೆಯ ಮಾತು ಬಂದಾಗ ಹಳ್ಳಿಯೊಂದರ ಶಾಲೆಯಲ್ಲಿ ಯುವಕ ಮಂಡಲದವರು ನಡೆಸಿದ ರಕ್ತದಾನ ಶಿಬಿರ ನೆನಪಾಗುತ್ತದೆ. ಸಾಲಿನಲ್ಲಿ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳ ಬೆರಳು ಚುಚ್ಚಿ ನೋಡಿದಾಗ ಹಿಮೋಗ್ಲೋಬಿನ್ 9.8 ಬಂತು. ದಾನಿಗೆ 12.5 ಇರಬೇಕು. 'ನೀವು ಕೊಡುವ ಹಾಗಿಲ್ಲ' ಎಂದು ಅವಳನ್ನು ಹಿಂದೆ ಕಳುಹಿಸಿದರು. ಅವಳು ನಾಚಿಕೆಯಿಂದ ಗೆಳತಿಯರ ಹಿಂದೆ ಹೋಗಿ ನಿಂತಳು. ವೈದ್ಯರನ್ನು ಕಾಣಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ನನಗೆ ಅದು ಇಂದಿಗೂ ನೋವಿನ ಸಂಗತಿ, ಏಕೆಂದರೆ ಅಲ್ಲಿ ಒಂದು ತಪಾಸಣೆ ಆಗಿಯೇಹೋಗಿತ್ತು, ಅದರ ಫಲ ಮಾತ್ರ ಅವಳಿಗೆ ಸಿಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂ ಕೆಳಗಿನ ಗೆರೆ. ಕಬ್ಬಿಣದ ಮಾತ್ರೆಯನ್ನು ಚಹಾ ಕಾಫಿಯ ಜೊತೆ ನುಂಗಿದರೆ ದೇಹಕ್ಕೆ ಹೀರುವುದು ಕಡಿಮೆಯಾಗುತ್ತದೆ. ಮಾತ್ರೆಗೂ ಚಹಾಕ್ಕೂ ಕನಿಷ್ಠ ಒಂದೆರಡು ಗಂಟೆಯ ಅಂತರವಿರಲಿ.

ಬಾಯಿಯ ತಪಾಸಣೆಯ ಬಗ್ಗೆ ಈ ಜಿಲ್ಲೆಗಳಲ್ಲಿ ಮಾತಾಡುವುದು ಸುಲಭವಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಿಕೆಯಿಂದ, ಮಕ್ಕಳ ಓದು ನಡೆಯುವುದು ಅಡಿಕೆಯಿಂದ. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಹೊಗೆಸೊಪ್ಪು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮೊದಲ ವರ್ಗಕ್ಕೆ ಸೇರಿಸಿದೆ. ಹೊಗೆಸೊಪ್ಪು ಸೇರಿದರಂತೂ ಅಪಾಯ ಇನ್ನೂ ಹೆಚ್ಚು. ಅಜ್ಜಂದಿರು ಊಟದ ಬಳಿಕ ಹಾಕುತ್ತಿದ್ದ ವೀಳ್ಯಕ್ಕಿಂತ, ದಿನಕ್ಕೆ ಹತ್ತಾರು ಬಾರಿ ಹರಿದು ಬಾಯಿಗೆ ಸುರಿಯುವ ಸ್ಯಾಶೆಗಳು ಹರೆಯದವರ ಬಾಯನ್ನು ಬೇಗ ಹಾಳುಮಾಡುತ್ತವೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಪಾನ್ ಮಸಾಲ ಬೇರೆ, ತಂಬಾಕು ಬೇರೆ ಪೊಟ್ಟಣಗಳಲ್ಲಿ ಸಿಗುತ್ತಲೇ ಇದೆ.

ಅಡಿಕೆಯಿಂದ ಮೊದಲು ಬರುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿ: ಕೆನ್ನೆಯ ಒಳಪದರ ನಾರುಗಟ್ಟಿ, ಬಿಳಚಿಕೊಂಡು, ಬಿಗಿಯಾಗುತ್ತದೆ. ಖಾರ ತಿಂದಾಗ ಬಾಯಿ ಉರಿಯುವುದು ಅದರ ಮೊದಲ ಸೂಚನೆ. ಮೀನು ಸಾರು ಉಣ್ಣಲಾಗುತ್ತಿಲ್ಲ ಎಂದು ಹುಡುಗನೊಬ್ಬ ಹೇಳಿದರೆ ಹಿರಿಯರು ಕಿವಿಗೊಡಬೇಕು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬಾಯನ್ನು ಆದಷ್ಟು ಅಗಲವಾಗಿ ತೆರೆದು, ತಮ್ಮದೇ ಕೈಯ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನೆಟ್ಟಗೆ ಇಡಬೇಕು. ಮೂರೂ ಬೆರಳು ಹಿಡಿಸಿದರೆ ಸಾಮಾನ್ಯವಾಗಿ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ. ಎರಡೇ ಹಿಡಿಸಿದರೆ, ಅಥವಾ ಬಾಯಲ್ಲಿ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಬೇಕು. ಬಿಗಿದ ಕೆನ್ನೆ ಪೂರ್ತಿ ಹಿಂದಿನಂತಾಗುವುದು ಕಷ್ಟ, ಆದರೆ ಚಟ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು.

ಗರ್ಭಕೊರಳಿನ ಕ್ಯಾನ್ಸರ್ ಭಾರತೀಯ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ನಂತರದ ಸ್ಥಾನದಲ್ಲಿದೆ. ವಿಲ್ಸನ್–ಯುಂಗ್ನರ್ ಮಾನದಂಡಗಳಿಗೆ ಇದರಷ್ಟು ಚೆನ್ನಾಗಿ ಹೊಂದುವ ರೋಗ ಇನ್ನೊಂದಿಲ್ಲ. ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಬರುವ ಈ ಸೋಂಕು ಬಹುತೇಕರಿಗೆ ಜೀವನದಲ್ಲೊಮ್ಮೆ ತಗಲುತ್ತದೆ, ಒಂದೆರಡು ವರ್ಷಗಳಲ್ಲಿ ದೇಹವೇ ಅದನ್ನು ಹೊರದೂಡುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಆದ್ದರಿಂದ ಎಚ್‌ಪಿವಿ ಪರೀಕ್ಷೆಯನ್ನು ಇಪ್ಪತ್ತರ ಆರಂಭದಲ್ಲಿ ಮಾಡಿದರೆ ತಾನಾಗಿ ಹೋಗಲಿರುವ ಸೋಂಕುಗಳೇ ಸಿಕ್ಕಿ ಗಾಬರಿಯಾಗುತ್ತದೆ. ಮೂವತ್ತರಲ್ಲಿ ಮಾಡಿದರೆ ಉಳಿದುಕೊಂಡ ಸೋಂಕು ಸಿಗುತ್ತದೆ. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ, ಎಂದರೆ ಹೆಚ್ಚುಕಡಿಮೆ ವಿನೆಗರ್, ಸವರಿ ಒಂದು ನಿಮಿಷ ಕಾದು, ಬೆಳ್ಳಗಾಗುವ ಜಾಗವಿದೆಯೇ ಎಂದು ನೋಡುತ್ತಾರೆ. ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಮೂರು ವರ್ಷಕ್ಕೊಮ್ಮೆ, ಗರ್ಭಕೊರಳಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡುವುದಿದೆ. ಯಾವುದಾದರೂ ಒಂದು ಆಗಲೇಬೇಕು. ಲಸಿಕೆಯನ್ನು ಮದುವೆಗೆ ಮೊದಲೇ, ಸಾಧ್ಯವಾದರೆ ಹದಿನಾಲ್ಕರೊಳಗೆ ಹಾಕಿಸುವುದು ಉತ್ತಮ. 2023ರ ಜನವರಿಯಲ್ಲಿ ಬಿಡುಗಡೆಯಾದ ದೇಶೀಯ ಲಸಿಕೆ ಸರ್ವಾವ್ಯಾಕ್ 9ರಿಂದ 26 ವರ್ಷದ ಹೆಣ್ಣು ಗಂಡು ಇಬ್ಬರಿಗೂ ಇದೆ; ಹದಿನೈದು ದಾಟಿದವರಿಗೆ ಮೂರು ಡೋಸ್. ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನು ತಡೆಯದ ಕಾರಣ ಹಾಕಿಸಿಕೊಂಡವರಿಗೂ ಮೂವತ್ತರ ಬಳಿಕ ತಪಾಸಣೆ ತಪ್ಪಿದ್ದಲ್ಲ.

ಸ್ತನದ ಎಕ್ಸ್‌ರೇ, ಎಂದರೆ ಮ್ಯಾಮೋಗ್ರಾಮ್, ನಲವತ್ತರೊಳಗಿನ ಸಾಮಾನ್ಯ ಅಪಾಯದವರಿಗೆ ಬೇಡ. ಗಂಟು, ಚರ್ಮದ ಸೆಳೆತ, ತೊಟ್ಟಿನಿಂದ ರಕ್ತ ಕಂಡರೆ ಮಾತ್ರ ವಯಸ್ಸು ನೋಡದೆ ಕೂಡಲೇ ಹೋಗಬೇಕು.

ಉಳಿದ ಲಸಿಕೆಗಳಲ್ಲಿ ಹೆಪಟೈಟಿಸ್ ಬಿ ಮುಖ್ಯ. ಅದು ದೇಶದ ಎಲ್ಲ ರಾಜ್ಯಗಳ ಸರಕಾರಿ ಲಸಿಕಾ ಪಟ್ಟಿಗೆ ಸೇರಿದ್ದು 2011ರ ಹೊತ್ತಿಗೆ. ಹಾಗಾಗಿ ಇಂದಿನ ಇಪ್ಪತ್ತೈದು ಮೂವತ್ತರವರಲ್ಲಿ ಅನೇಕರಿಗೆ ಸಿಕ್ಕಿಲ್ಲ. ನಮ್ಮೂರಿನ ಎಷ್ಟೋ ಯುವಕರಿಗೆ ತಮಗೆ ಈ ಸೋಂಕು ಇದೆಯೆಂದು ಗೊತ್ತಾಗುವುದು ಗಲ್ಫ್‌ಗೆ ಹೊರಟಾಗ ಮಾಡುವ ಮೆಡಿಕಲ್‌ನಲ್ಲಿ. ಅಲ್ಲಿ 'ಅನ್‌ಫಿಟ್' ಎಂಬ ಮೊಹರು ಬೀಳುತ್ತದೆ, ಕೆಲಸ ತಪ್ಪುತ್ತದೆ. ಆ ಪರೀಕ್ಷೆ ನಡೆಯುವುದು ವೀಸಾ ಕೊಡುವ ದೇಶಕ್ಕಾಗಿ; ಮುಂದೇನು ಮಾಡಬೇಕೆಂದು ಹೇಳುವ ಹೊಣೆ ಅದಕ್ಕಿಲ್ಲ. ಹಾಗೆ ಬಂದವರು ಮುದುಡಿ ಮನೆಯಲ್ಲಿ ಕೂರದೆ ಯಕೃತ್ತಿನ ತಜ್ಞರನ್ನು ಕಾಣಬೇಕು, ಮನೆಯವರನ್ನೂ ಪರೀಕ್ಷಿಸಿ ಲಸಿಕೆ ಹಾಕಿಸಬೇಕು. ಲಸಿಕೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ. ಕರ್ನಾಟಕದಲ್ಲಿ 2017ರಲ್ಲಿ ನಡೆದ ದಡಾರ–ರುಬೆಲ್ಲಾ ಅಭಿಯಾನದ ಹೊತ್ತಿಗೆ ಹದಿನೈದು ದಾಟಿದ್ದ ಹುಡುಗಿಯರು, ರುಬೆಲ್ಲಾ ಲಸಿಕೆ ಸಿಕ್ಕಿಲ್ಲವೆಂದಾದರೆ, ಗರ್ಭ ಧರಿಸುವ ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಿಕೊಳ್ಳಬೇಕು. ಎಚ್‌ಐವಿ ಪರೀಕ್ಷೆ ಪ್ರತಿಯೊಬ್ಬರಿಗೂ ಜೀವನದಲ್ಲೊಮ್ಮೆಯಾದರೂ ಆಗಬೇಕು. ಐಸಿಟಿಸಿ ಎಂಬ ಸರಕಾರಿ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಅದು ಉಚಿತ, ಗೋಪ್ಯ.

ಮನಸ್ಸಿನ ತಪಾಸಣೆಗೆ ಎರಡೇ ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿಯಿಲ್ಲದೆ ಕಳೆದ ದಿನಗಳೆಷ್ಟು? ಮಂಕಾಗಿ, ಭರವಸೆಗೆಟ್ಟು ಕಳೆದ ದಿನಗಳೆಷ್ಟು? ಅರ್ಧಕ್ಕಿಂತ ಹೆಚ್ಚು ದಿನ ಎಂಬ ಉತ್ತರ ಬಂದರೆ ಯಾರೊಂದಿಗಾದರೂ ಮಾತಾಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಹೊತ್ತು ನೋಡದೆ, ಉಚಿತವಾಗಿ ಕರೆ ಮಾಡಬಹುದು.

ಇವಕ್ಕೆಲ್ಲ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಮೂವತ್ತು ದಾಟಿದವರ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಸೊಂಟದ ಅಳತೆ, ಚಟ, ವ್ಯಾಯಾಮದ ಬಗ್ಗೆ ಕೇಳಿ ತುಂಬುವ ನಮೂನೆ ಅದರ ಮೊದಲ ಮೆಟ್ಟಿಲು. ಪಟ್ಟಣದಲ್ಲಿ 'ನಮ್ಮ ಕ್ಲಿನಿಕ್' ಎಂಬ ಸರಕಾರಿ ಚಿಕಿತ್ಸಾಲಯಗಳಿವೆ. ಮಂಗಳೂರಿನ ವೆನ್ಲಾಕ್, ಲೇಡಿಗೋಷನ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಮುಂದಿನ ಹಂತಕ್ಕೆ ಇವೆ.

ಆ ಸಂಜೆ ಅಳಿಯನನ್ನು ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷ ಮೊಬೈಲು ತೆಗೆದಿರಿಸಿ ಅಳೆದಾಗ 148/94 ಬಂತು. ಎರಡನೇ ಬಾರಿ 146/92. ಅವನ ತಂದೆಗೆ ನಲವತ್ತೆಂಟರಲ್ಲಿ ಹೃದಯಾಘಾತವಾಗಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಆದರೆ ಅದನ್ನು ಇವನ ದೇಹಕ್ಕೆ ಸಂಬಂಧಿಸಿದ ಸಂಗತಿಯೆಂದು ಯಾರೂ ಯೋಚಿಸಿರಲಿಲ್ಲ. ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಟ್ಟ ಅಂಕಿಗಳೊಂದಿಗೆ ಅವನು ವೈದ್ಯರ ಬಳಿಗೆ ಹೋದ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಬಿಪಿ ಏರಿದರೆ ಬೇರೆ ಕಾರಣವಿರಬಹುದೆಂದು ಮೂತ್ರ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿದರು, ನೋವಿನ ಮಾತ್ರೆ, ಜಿಮ್ಮಿನ ಸ್ಟೀರಾಯ್ಡ್ ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇರಲಿಲ್ಲ. ದಿನಕ್ಕೆ ಐದು ಗ್ರಾಮಿನೊಳಗೆ ಉಪ್ಪು, ಎಂದರೆ ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಿತಿಯಲ್ಲಿ, ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾತ್ರೆ ಎಂದರು. ಅವನು ಕದ್ರಿ ಉದ್ಯಾನದಲ್ಲಿ ನಡೆಯತೊಡಗಿದ. ನವರಾತ್ರಿಗೆ ಮನೆಗೆ ಬಂದಾಗ ತಾನೇ ಕುರ್ಚಿ ಎಳೆದು ಕೂತು ತೋಳು ಚಾಚಿದ. 132/84 ಬಂತು.